ಕಾಡಿನಲ್ಲಿ ಸಿಕ್ಕ ಗುಂಡನ್ನು ಉಜ್ಜುವ ಮೊದಲು

ಪ್ರಶ್ನೆ: ನಾವು ಬಳ್ಳಾರಿ ಕಡೆಯವರು, ಕೆಲಸದ ನಿಮಿತ್ತ ವಿಶಾಖಪಟ್ಟಣದ ಗಾಜುವಾಕದಲ್ಲಿದ್ದೇವೆ. ಪದ್ಮನಾಭಂ ಬೆಟ್ಟದ ಬಳಿಯ ಕುರುಚಲು ಕಾಡಿನಲ್ಲಿ, ಮಳೆನೀರು ಕೊರೆದ ಜಾಗದಲ್ಲಿ, ಮಗನಿಗೆ ಕಿತ್ತಳೆ ಗಾತ್ರದ ಕಬ್ಬಿಣದ ಗುಂಡೊಂದು, ಗೋಲಿಯಂಥ ಬಿಳಿಚಿದ ಗುಂಡುಗಳು ಕೆಲವು ಸಿಕ್ಕಿವೆ. ಯುದ್ಧದವೇ? ಹುಣಸೆಹುಳಿ ಹಾಕಿ ತಿಕ್ಕಬಹುದೇ?
– ಓದುಗರು, ಗಾಜುವಾಕ

ಉತ್ತರ: ಹುಣಸೆಹುಳಿ, ನಿಂಬೆ, ಮರಳುಕಾಗದ ಯಾವುದೂ ಬೇಡ. ಪದ್ಮನಾಭಂ ಸಾಮಾನ್ಯ ಜಾಗವಲ್ಲ. 1794ರಲ್ಲಿ ವಿಜಯನಗರಂ ರಾಜ ವಿಜಯರಾಮರಾಜು ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಎದುರು ಹೋರಾಡಿ ಮಡಿದದ್ದು ಅಲ್ಲೇ. ಹಾಗಾಗಿ ನಿಮ್ಮ ಊಹೆ ಸುಳ್ಳೆನ್ನಲಾರೆ.

ಮೊದಲು ಬಿಳಿಚಿದ ಗುಂಡುಗಳನ್ನು ನೋಡೋಣ. ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ, ಗಾತ್ರಕ್ಕೆ ಮೀರಿದ ಭಾರವಿದ್ದರೆ, ಸೀಸವೇ ಇರಬೇಕು. ಕಂಪನಿ ಸಿಪಾಯಿಗಳ ಬಂದೂಕಿನ ಗುಂಡು ಸುಮಾರು 17.5 ಮಿ.ಮೀ. ಅಡ್ಡಳತೆ, 32 ಗ್ರಾಂ ಆಸುಪಾಸು ತೂಕ. ಒಂದು ಬದಿ ಚಪ್ಪಟೆಯಾಗಿದ್ದರೆ ಅದು ಹಾರಿ ಯಾವುದಕ್ಕೋ ಬಡಿದದ್ದು; ಪೂರ್ತಿ ದುಂಡಗಿದ್ದರೆ ಹಾರಿಸದೆ ಕೈತಪ್ಪಿ ಬಿದ್ದದ್ದಿರಬಹುದು. ಮೇಲಿನ ಬಿಳಿ ಪದರ ಸೀಸಕ್ಕೆ ಕವಚ, ನಮಗೆ ವಿಷ. ಅದನ್ನು ಕೆರೆಯಬೇಡಿ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಮರದ ಬೀರುವಿನಲ್ಲಿ ಇಡಲೇಬೇಡಿ. ಮರದಿಂದ ಹೊಮ್ಮುವ ಆಮ್ಲ ಸೀಸವನ್ನು ಪುಡಿಯಾಗಿಸುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ ಸಾಕು.

ಕಬ್ಬಿಣದ ಗುಂಡಿನ ವಿಷಯದಲ್ಲಿ ಎಚ್ಚರ ಬೇಕು. ಕಾರ್ಖಾನೆಗಳ ಸುತ್ತಮುತ್ತ ಅದಿರು ಅರೆಯುವ ಬಾಲ್ ಮಿಲ್‌ನ ಉಕ್ಕಿನ ಗುಂಡುಗಳೂ ಬಿದ್ದಿರುತ್ತವೆ, ಜನ ಅವನ್ನೇ ಫಿರಂಗಿಯದೆಂದು ನಂಬುತ್ತಾರೆ. ಎರಕದ ಫಿರಂಗಿ ಗುಂಡಿನಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಕಾಣಬಹುದು. 70 ಮಿ.ಮೀ. ಅಡ್ಡಳತೆಯ ಗಟ್ಟಿ ಗುಂಡು ಸುಮಾರು 1.3 ಕಿಲೋ ತೂಗಬೇಕು. ಎಷ್ಟೋ ಹಗುರವಾಗಿದ್ದರೆ, ಇಲ್ಲವೇ ಮೇಲೊಂದು ತೂತು ಕಂಡರೆ, ಅದು ಮದ್ದು ತುಂಬಿದ ಟೊಳ್ಳು ಗುಂಡಾಗಿರಬಹುದು. ಕೆಳಗಿಟ್ಟು, ದೂರ ಸರಿದು, ಪೊಲೀಸರಿಗೆ ತಿಳಿಸಿ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದ್ದವು. ನಿಮ್ಮ ಕಡೆಯ ನೆಲದಲ್ಲಿ ಸಿಗುವ ಕಬ್ಬಿಣವೆಲ್ಲ ಹದಿನೆಂಟನೇ ಶತಮಾನದ್ದೇ ಆಗಬೇಕಿಲ್ಲ.

ಗುಂಡು ಗಟ್ಟಿಯೆಂದು ಖಚಿತವಾದರೆ ಒಣ, ಮೆತ್ತನೆಯ ಬ್ರಷ್‌ನಿಂದ ಸಡಿಲ ಮಣ್ಣು ತೆಗೆದು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಡಬ್ಬಿಯಲ್ಲಿಡಿ. ಮಣ್ಣಿನ ಉಪ್ಪು ಕಬ್ಬಿಣದೊಳಗೆ ಇಳಿದಿರುತ್ತದೆ. ಸಮುದ್ರದಂಚಿನ ತೇವದ ಗಾಳಿಗೆ ಅದು ಕಂದು ಹನಿಯಾಗಿ ಒಸರಿ, ಕೊನೆಗೆ ಗುಂಡು ಸಿಪ್ಪೆ ಸಿಪ್ಪೆಯಾಗಿ ಬಿರಿಯುತ್ತದೆ. ಕ್ಷಾರದ ದ್ರಾವಣದಲ್ಲಿ ಆ ಉಪ್ಪನ್ನು ಹೀರಿ ತೆಗೆದು, ಟ್ಯಾನಿಕ್ ಆಮ್ಲ ಬಳಿದು, ಮೇಣ ಹಚ್ಚುವ ಕೆಲಸ ತಜ್ಞರದು. ಹೊಳಪು ಬರಿಸುವ ಆಸೆ ಬಿಡಿ. ಹಳೆಯ ಮೈ ಒಮ್ಮೆ ಹೋಯಿತೆಂದರೆ ಅಚ್ಚಿನ ಗೆರೆಯೂ ಏಟಿನ ಗುರುತೂ ಅದರೊಂದಿಗೇ ಹೋಗುತ್ತವೆ.

ಪ್ರಶ್ನೆ: ತೋಟದಲ್ಲಿ ಗುಂಡಿ ತೋಡುವಾಗ ತುಕ್ಕು ಹಿಡಿದ ಗೇಣುದ್ದದ ಕಬ್ಬಿಣದ ಕೊಳವೆ ಸಿಕ್ಕಿದೆ. ಒಂದು ತುದಿ ಮುಚ್ಚಿದೆ, ಒಳಗೆ ಕಪ್ಪು ಮಣ್ಣಿದೆ. ಕೆದಕಲೇ?
– ಓದುಗರು, ಹೊಸನಗರ

ಉತ್ತರ: ಕೆದಕಬೇಡಿ! 2018ರಲ್ಲಿ ನಿಮ್ಮ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಹೈದರ್, ಟಿಪ್ಪು ಕಾಲದ ರಾಕೆಟ್‌ಗಳು ಅವು. ಒಳಗಿರುವುದು ಬರೀ ಮಣ್ಣಲ್ಲ, ಮದ್ದಿನ ಪುಡಿಯೂ ಇರಬಹುದು. ಬಿಸಿಲಿಗೆ ಒಣಗಿಸುವುದು, ಗರಗಸ ಹಾಕುವುದು, ಒಲೆಯ ಬಳಿ ಇಡುವುದು ಯಾವುದೂ ಸಲ್ಲದು. ಇದ್ದಲ್ಲೇ ಬಿಟ್ಟು ಪೊಲೀಸರಿಗೂ ಪುರಾತತ್ವ ಇಲಾಖೆಗೂ ಹೇಳಿ. ನಗರದ ರಾಕೆಟ್‌ಗಳನ್ನು ನೋಡಬೇಕೆಂದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ.

ಪ್ರಶ್ನೆ: ಮೆಟಲ್ ಡಿಟೆಕ್ಟರ್ ಹಿಡಿದು ಕಾಡಿನಲ್ಲಿ ಹುಡುಕಬಹುದೇ?
– ಓದುಗರು, ವಿಜಯವಾಡ

ಉತ್ತರ: ಬೇಡ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ನೆಲ ಅಗೆಯುವುದು ಅಪರಾಧ. ನೆಲದಲ್ಲಿ ಹುದುಗಿದ್ದು ಸಿಕ್ಕ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ಕಾಯ್ದೆಯೇ ಹೇಳುತ್ತದೆ. ಗಾಜುವಾಕದ ಓದುಗರೂ ಇದನ್ನು ಗಮನಿಸಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕ ಸಿಕ್ಕಿತೆಂದು ಇಂದೇ ಬರೆದಿಡಿ, ಜಾಗದ ಫೋಟೊ ತೆಗೆಯಿರಿ. ಸೇನೆ ಎಲ್ಲಿ ನಿಂತು ಗುಂಡು ಹಾರಿಸಿತೆಂದು ತಿಳಿಯುವುದು ಆ ಟಿಪ್ಪಣಿಯಿಂದಲೇ. ಮಗನಿಂದಲೇ ಬರೆಸಿ, ಅದರ ಒಂದು ಪ್ರತಿಯನ್ನು ನಿಮ್ಮ ಲಿಖಿತ ಸೂಚನೆಯ ಜೊತೆ ಕಲೆಕ್ಟರ್ ಕಚೇರಿಗೆ ಕೊಡಿ.