ಇಬ್ಬರು ತುಳಿಯುವ ಸೈಕಲ್: ದೂರದ ಪಯಣಕ್ಕೆ 9 ಸೂತ್ರಗಳು

ಒಬ್ಬರ ಹಿಂದೊಬ್ಬರು ಕೂತು ಇಬ್ಬರೂ ತುಳಿಯುವ ಸೈಕಲ್ಲೇ ಟ್ಯಾಂಡಮ್. ಸವಾರರು ಇಬ್ಬರು, ಚಕ್ರ ಎರಡೇ. ಇಬ್ಬರ ತೂಕ, ಸೈಕಲ್ಲು, ಸಾಮಾನು ಕೂಡಿದರೆ 170 ಕಿಲೋ ದಾಟುವುದು ಕಷ್ಟವೇನಲ್ಲ. ಈ ಹೊರೆ ಹೊತ್ತು ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಮಲ್ಪೆಯ ಕಡಲಿಗೆ ಇಳಿಯಬೇಕೆಂದುಕೊಳ್ಳಿ. ಒಂಟಿ ಸೈಕಲ್ಲಿನ ತಯಾರಿ ಇದಕ್ಕೆ ಸಾಲದು.

1. ಚಕ್ರದಿಂದಲೇ ಶುರು ಮಾಡಿ. ಹಿಂದಿನ ಚಕ್ರಕ್ಕೆ 36 ಕಡ್ಡಿಯಾದರೂ ಬೇಕು. 40 ಇದ್ದರೆ ಇನ್ನೂ ಒಳ್ಳೆಯದು. ಚಕ್ರ ತಿರುಗಿಸಿ ಬೆಂಡು ನೋಡಿ. ಪಕ್ಕಪಕ್ಕದ ಕಡ್ಡಿಗಳನ್ನು ಜೋಡಿಯಾಗಿ ಹಿಂಡಿ. ಒಂದೇ ಒಂದು ಸಡಿಲವಾಗಿದ್ದರೂ ಹೊರಡುವ ಮೊದಲೇ ಬಿಗಿ ಮಾಡಿಸಿ.

2. ಟೈರು ದಪ್ಪಗಿರಲಿ. 32ರಿಂದ 40 ಮಿ.ಮೀ. ಅಗಲದ್ದು ಹಾಕಿಸಿ. ಹಿಂದಿನ ಚಕ್ರಕ್ಕೆ ಗಾಳಿ ತುಸು ಹೆಚ್ಚು ಬೇಕು. ಆದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ದಾಟಬೇಡಿ.

3. ಏರುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ತಯಾರಾಗಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಬ್ಬರ್ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಒಡೆಯಬಹುದು. ದೊಡ್ಡ ಡಿಸ್ಕ್ ಬ್ರೇಕು ಹಾಕಿಸಿ, ಹೊಸ ಪ್ಯಾಡು ಕೂರಿಸಿ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಆಮೇಲೆ ಬ್ರೇಕು ಬಿಡಿ. ನಡುನಡುವೆ ನಿಂತು ಆರಲು ಬಿಡಿ.

4. ಎಡಗಡೆಯ ಚೈನು ಮರೆಯಬೇಡಿ. ಇಬ್ಬರ ಪೆಡಲನ್ನೂ ಬೆಸೆಯುವುದು ಅದೇ. ಅದರ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ: ಒಂದು ಸೆಂ.ಮೀ.ನಷ್ಟು ಆಡಿದರೆ ಸರಿ. ಹೆಚ್ಚು ಸಡಿಲವಿದ್ದರೆ ಹಲ್ಲು ತಪ್ಪಿ ಇಬ್ಬರ ಕಾಲಿನ ಹೊಂದಿಕೆಯೇ ಕೆಡುತ್ತದೆ. ತೀರಾ ಬಿಗಿಯಿದ್ದರೆ ಬೇರಿಂಗ್ ಸವೆಯುತ್ತದೆ. ಪೆಡಲನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮೂರು ನಾಲ್ಕು ಕಡೆ ಹೀಗೆ ಪರೀಕ್ಷಿಸಿ.

5. ಹಿಂದಿನ ಸೀಟಿಗೆ ಮೊದಲ ಮರ್ಯಾದೆ. ಹಿಂದೆ ಕೂತವರಿಗೆ ರಸ್ತೆಯ ಗುಂಡಿ ಕಾಣುವುದಿಲ್ಲ. ಪೆಟ್ಟು ಮಾತ್ರ ನೇರವಾಗಿ ಬೆನ್ನಿಗೆ ಬೀಳುತ್ತದೆ. ಅವರ ಸೀಟಿನ ಕೆಳಗೆ ಸ್ಪ್ರಿಂಗ್ ಇರುವ ಕಂಬ ಹಾಕಿಸಿ. ಎತ್ತರವನ್ನೂ ಅವರ ಕಾಲಿಗೇ ಹೊಂದಿಸಿ.

6. ಮಾತು ನಿಲ್ಲಿಸಬೇಡಿ. ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳ ಕ್ರೀಡಾಪಟುಗಳು ಟ್ಯಾಂಡಮ್‌ನ ಹಿಂದಿನ ಸೀಟಿನಲ್ಲೇ ಸ್ಪರ್ಧಿಸುತ್ತಾರೆ; ಮುಂದಿನವರ ಕಣ್ಣೇ ಅವರಿಗೂ ಕಣ್ಣು. ನಿಮ್ಮ ಮುಂದಿನ ಸವಾರರೂ "ಗುಂಡಿ", "ಗೇರು", "ನಿಲ್ಲಿಸ್ತೀನಿ" ಎಂದು ಮೊದಲೇ ಕೂಗಿ ಹೇಳಲಿ. ಹೊರಡುವಾಗ ಮುಂದಿನವರು ಕಾಲೂರಿ, ಎರಡೂ ಬ್ರೇಕು ಹಿಡಿದು ನಿಲ್ಲಬೇಕು. ಹಿಂದಿನವರು ಹತ್ತಿ ಕೂತು "ಸರಿ" ಅಂದ ಮೇಲೆಯೇ ತುಳಿತ.

7. ಸಾಮಾನು ಅರ್ಧಕ್ಕೆ ಇಳಿಸಿ. ಒಂದೇ ಸೈಕಲ್ಲಿನ ಬ್ಯಾಗುಗಳಲ್ಲಿ ಇಬ್ಬರ ಬಟ್ಟೆಬರೆ ಹಿಡಿಯಬೇಕು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಎಡಬಲ ಸಮತೂಕ.

8. ದಾರಿಯಲ್ಲಿ ಸಿಗದ್ದನ್ನು ಜೊತೆಗೊಯ್ಯಿರಿ. ಟ್ಯೂಬು, ಪಂಕ್ಚರ್ ಸಾಮಾನು ಎಲ್ಲಾದರೂ ಸಿಕ್ಕೀತು. ಟ್ಯಾಂಡಮ್‌ನ ಹಿಂದಿನ ಬ್ರೇಕಿಗೂ ಗೇರಿಗೂ ಬೇಕಾದ ಉದ್ದನೆಯ ಕೇಬಲ್ ಸಣ್ಣ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ. ಸಾಮಾನ್ಯ ಕೇಬಲ್ ಅಷ್ಟು ದೂರಕ್ಕೆ ತಲುಪದು. ಎರಡೂ ಬದಿಗೆ ಸರಿಹೊಂದುವ ನಾಲ್ಕಾರು ಕಡ್ಡಿ, ಚೈನಿನ ಜೋಡುಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡು ಇರಲಿ.

9. ಪೂರ್ತಿ ಹೊರೆಯೊಂದಿಗೆ ಒಂದು ದಿನ ಓಡಿಸಿ. ಎರಡು ವಾರ ಮುಂಚೆ, ಒಂದು ಏರು ಒಂದು ಇಳಿಜಾರು ಇರುವ ದಾರಿಯಲ್ಲಿ 60 ಕಿ.ಮೀ. ಹೋಗಿಬನ್ನಿ. ಬಂದ ಮೇಲೆ ಕಡ್ಡಿ, ನಟ್ಟು, ಕ್ಯಾರಿಯರ್ ಮತ್ತೊಮ್ಮೆ ಬಿಗಿ ಮಾಡಿ. ಆಗುಂಬೆಯ ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೊರಡಿ.

ಟ್ಯಾಂಡಮ್‌ನಲ್ಲಿ ಒಬ್ಬರು ಮುಂದೆ ಹೋಗಿ ಇನ್ನೊಬ್ಬರು ಹಿಂದುಳಿಯುವ ಪ್ರಶ್ನೆಯೇ ಇಲ್ಲ. ತಲುಪಿದರೆ ಇಬ್ಬರೂ ಒಟ್ಟಿಗೇ. ಆದ್ದರಿಂದ ಮೇಲಿನ ಒಂಬತ್ತನ್ನೂ ಇಬ್ಬರೂ ಜೊತೆಗೆ ಕೂತು ಪರೀಕ್ಷಿಸಿ. ಹಿಂದೆ ಕೂರುವವರು ಒಪ್ಪಿದ ಮೇಲೆಯೇ ಹೊರಡಿ.