ಧಾನ್ಯದ ಅಭಾವವೂ ಶ್ರಾವಕನ ಪರಿಮಾಣವ್ರತವೂ

ಬೆಳ್ಳೂರು ನಾಗಮಂಗಲ ಸೀಮೆಯ ಬೆದ್ದಲು ನಾಡಿನ ಊರು. ಕಾವೇರಿಯ ನಾಲೆಗಳಿರುವ ಶ್ರೀರಂಗಪಟ್ಟಣದ ಗದ್ದೆಬಯಲಿನಂತೆ ಇಲ್ಲಿ ಭತ್ತವೇ ಬದುಕಲ್ಲ. ಮಳೆಯನ್ನು ನಂಬಿದ ರಾಗಿಯೇ ಆಧಾರ. ಮುಂಗಾರಿನಲ್ಲಿ ಬಿತ್ತಿದ ರಾಗಿ ಕಣಕ್ಕೆ ಬರುವುದು ಕಾರ್ತಿಕ, ಮಾರ್ಗಶಿರಗಳಲ್ಲಿ. ದಶಲಕ್ಷಣ ಪರ್ವದ ಭಾದ್ರಪದವಾದರೋ ಹಳೆಯ ಧಾನ್ಯ ತಳಕಂಡು, ಹೊಸದು ಇನ್ನೂ ಹೊಲದಲ್ಲಿರುವ ಕಾಲ. ಆಗ ಉಪವಾಸ ಹಿಡಿದ ಶ್ರಾವಕನ ಮನೆಯಲ್ಲಿಯೂ ಒಲೆ ಹೊತ್ತದು. ಧಾನ್ಯವಿಲ್ಲದ ಕೂಲಿಯವನ ಮನೆಯಲ್ಲಿಯೂ ಹೊತ್ತದು. ಹೊರನೋಟಕ್ಕೆ ಎರಡೂ ಒಂದೇ. ಆದರೆ ಇಚ್ಛೆಯಿಂದ ಆಹಾರವನ್ನು ಬಿಡುವುದು ತಪಸ್ಸು. ಬೆಲೆಗೆ ಅಂಜಿ ಬಿಡುವುದು ಬರಿಯ ಹಸಿವು. ಅದನ್ನು ಅವಮೌದರ್ಯವೆಂದು ಕೊಂಡಾಡುವುದು ಉಚಿತವಲ್ಲ.

1965ರಲ್ಲಿ ದೇಶಕ್ಕೆ ಧಾನ್ಯದ ಕೊರತೆ ಬಂದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ, ಅಂದರೆ ಸೋಮವಾರ ಸಂಜೆಯ, ಊಟವನ್ನು ಬಿಡುವಂತೆ ಜನರನ್ನು ಕೇಳಿಕೊಂಡರು. ರಾತ್ರಿಭೋಜನವನ್ನು ತ್ಯಜಿಸಿದ ಮನೆಯವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೂರ್ಯಾಸ್ತಕ್ಕೆ ಮುಂಚೆಯೇ ಉಂಡು, ರಾತ್ರಿ ಉಣ್ಣಲಿಲ್ಲವೆಂದರೆ ಒಂದು ಹಿಡಿ ಅಕ್ಕಿಯೂ ಉಳಿಯದು. ಏಕಭುಕ್ತವನ್ನು ಹಿಡಿದರೆ ಮಾತ್ರ ಉಳಿತಾಯ. ಮರುದಿನದ ಪಾರಣೆಯಲ್ಲಿ ಎರಡರಷ್ಟು ಉಂಡರೆ ಅದೂ ಇಲ್ಲ.

ಇದಕ್ಕಿಂತ ಗುರುತರವಾದುದು ಸಂಗ್ರಹದ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಸಂಗ್ರಹವೂ ಒಂದು. ಮುಂದೆ ಹೆಚ್ಚಿನ ಲಾಭ ಬಂದೀತೆಂಬ ಲೋಭದಿಂದ ಧಾನ್ಯವನ್ನು ಮಿತಿಮೀರಿ ಕೂಡಿಡುವುದೇ ಅದು ಎಂದು ಟೀಕಾಕಾರ ಪ್ರಭಾಚಂದ್ರರು ಬಿಡಿಸಿದ್ದಾರೆ. ಹಾಗಾದರೆ ಸುಗ್ಗಿಯಲ್ಲಿ ವರ್ಷದ ರಾಗಿಯನ್ನು ಕೊಂಡಿಡುವ ಗೃಹಸ್ಥನು ದೋಷಿಯೆ? ಅಲ್ಲ. ಹಿಂದಿನವರು ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದುದು ಬರಗಾಲಕ್ಕಾಗಿ. ಗಾಳಿಯಾಡದ ಆ ನೆಲಗುಳಿಯಲ್ಲಿ ಈ ಸಣ್ಣ ಕಾಳು ಹುಳ ಹಿಡಿಯದೆ ಉಳಿಯುತ್ತಿತ್ತು. ಮನೆಮಂದಿಯನ್ನು ಎಣಿಸಿ, ವ್ರತ ಹಿಡಿಯುವಾಗಲೇ ನಿಶ್ಚಯಿಸಿದ ಅಳತೆಯೊಳಗೆ ಇಟ್ಟದ್ದು ಸಂಗ್ರಹ; ಭಾದ್ರಪದದ ಬೆಲೆಗೆ ಕಾದು ಇಟ್ಟದ್ದು ಅತಿಸಂಗ್ರಹ. ವ್ಯಾಪಾರಿಗಳಾದ ಶ್ರಾವಕರಿಗೆ ಈ ಮಾತು ಕಹಿಯಾದೀತು. ಆದರೂ ಹೇಳದೆ ವಿಧಿಯಿಲ್ಲ.

ಕಾಳನ್ನು ಇಡಬಹುದು, ಹಿಟ್ಟನ್ನು ಇಡಲಾಗದು: ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ. ಬೇಕಾದಷ್ಟೇ ಬೀಸಿಕೊಂಡರೆ ವ್ಯರ್ಥವೂ ತಪ್ಪುತ್ತದೆ. ಅಭಾವಕಾಲದಲ್ಲಿ ಇತರರು ಗೆಣಸಿನಿಂದ ಹೊಟ್ಟೆ ತುಂಬಿಸಿಕೊಂಡಾರು. ಕಂದಮೂಲಗಳನ್ನು ಬಿಟ್ಟವರಿಗೆ ಆ ದಾರಿಯಿಲ್ಲ. ರಾಗಿ, ಜೋಳ, ಹುರುಳಿ, ಅವರೆಗಳೇ ಅವರ ಆಸರೆ.

2023ರಲ್ಲಿ ಮಳೆ ಕೈಕೊಟ್ಟು ಅಕ್ಕಿಯ ಬೆಲೆ ಏರಿತು. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿ ಸರ್ಕಾರಕ್ಕೆ ದೊರೆಯದೆ, ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಡಲಾಯಿತು. ಪೇಟೆಯ ಬೆಲೆಗೆ ಆ ಹಣ ಸಾಲುತ್ತಿರಲಿಲ್ಲ. ಇಂಥ ವರ್ಷದಲ್ಲಿ ಐವರ ಮನೆಯಲ್ಲಿ ಪರ್ವದ ಹತ್ತು ದಿನವೂ ಏಕಭುಕ್ತ ನಡೆದರೆ ಐವತ್ತು ಹೊತ್ತಿನ ಧಾನ್ಯ ಉಳಿಯುತ್ತದೆ. ಅದನ್ನು ಅಂದಂದೇ ಅಳೆದು ಬೇರೆ ಗಡಿಗೆಯಲ್ಲಿಟ್ಟು, ಪಾರಣೆಗೆ ಮುಂಚೆ ಹಸಿದ ಮನೆಗೆ ಆಹಾರದಾನವಾಗಿ ಮುಟ್ಟಿಸುವುದು ಗೃಹಿಣಿಯ ಕೈಯಲ್ಲಿದೆ. ಗಡಿಗೆಯ ಧಾನ್ಯ ಮರಳಿ ಕಣಜಕ್ಕೆ ಬೀಳಬಾರದು.