ಕೋಟೆ ಅಳಿಯಿತು, ಊರು ಉಳಿಯಿತು: ಕುಂದಾಪುರದ ಪಾಠ



ಬೇಸಿಗೆ ರಜೆ ಹತ್ತಿರವಾಯಿತೆಂದರೆ ನಮ್ಮ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ‘ಈ ಸಲ ಎಲ್ಲಿಗೆ?’ ಎಂಬ ಮಾತು ಏಳುತ್ತದೆ. ಗೋವೆಗೋ ಮುರುಡೇಶ್ವರಕ್ಕೋ ಹೊರಟವರು ನಡುದಾರಿಯ ಒಂದು ಊರನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗಿಬಿಡುತ್ತಾರೆ. ಆ ಊರು ಉಡುಪಿ ಜಿಲ್ಲೆಯ ಕುಂದಾಪುರ.

ಆ ಸೀಮೆ ನಮಗೆ ಅಪರಿಚಿತವೇನಲ್ಲ. ಗಾಂಧಿ ಬಜಾರಿನಲ್ಲಿ 1943ರಲ್ಲಿ ವಿದ್ಯಾರ್ಥಿ ಭವನವನ್ನು ತೆರೆದ ವೆಂಕಟರಮಣ ಉರಾಳರು ಸಾಲಿಗ್ರಾಮದವರು. 1970ರಲ್ಲಿ ಅದನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರು ಕುಂದಾಪುರದ ಕಡೆಯವರು. ಎಂ.ಟಿ.ಆರ್. ಹೋಟೆಲಿಗೆ 1924ರಲ್ಲಿ ಬುನಾದಿ ಹಾಕಿದ ಮಯ್ಯ ಸಹೋದರರು ಕೋಟದ ಬಳಿಯ ಪಾರಂಪಳ್ಳಿಯವರು. ನಮ್ಮ ನಾಲಿಗೆಗೆ ದೋಸೆಯ ರುಚಿ ಹತ್ತಿಸಿದ ನೆಲವನ್ನು ಒಮ್ಮೆ ಕಣ್ಣಾರೆ ನೋಡಬೇಡವೇ? ನೋಡುವ ಮುನ್ನ ಅದರ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಕ್ರೈಸ್ತರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಆ ಕಥೆಯಲ್ಲಿದೆ.

ನೀರು ಕಟ್ಟಿದ ಊರು

ಕುಂದಾಪುರಕ್ಕೆ ಮೂರು ಕಡೆ ನೀರು. ಪಡುವಣದಲ್ಲಿ ಅರಬ್ಬೀ ಸಮುದ್ರ, ಬಡಗಣದಲ್ಲಿ ಪಂಚಗಂಗಾವಳಿ, ಇನ್ನೊಂದು ಕಡೆ ಕೋಡಿಯ ಹಿನ್ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಘಟ್ಟದಿಂದ ಇಳಿದು ಇಲ್ಲಿ ಒಂದಾಗಿ ಸಮುದ್ರ ಸೇರುತ್ತವೆ. ಊರಿನ ಹೆಸರು ಕುಂದೇಶ್ವರನ ದೇವಸ್ಥಾನದಿಂದ ಬಂತೆಂದು ಊರವರ ನಂಬಿಕೆ.

ಈ ನದಿಗಳೇ ಊರಿನ ಸಿರಿಯೂ ಹೌದು, ಸಂಕಟವೂ ಹೌದು. ಒಳನಾಡಿನ ಗದ್ದೆಗಳ ಅಕ್ಕಿ ದೋಣಿಯಲ್ಲಿ ಇಳಿದು ಬರುತ್ತಿತ್ತು. ಕುಂದಾಪುರದಿಂದ ಕೆಲವೇ ಮೈಲಿ ದೂರದ ಬಸ್ರೂರು ಆ ಅಕ್ಕಿಯ ದೊಡ್ಡ ಪೇಟೆ. ವಿಜಯನಗರದ ಕಾಲದಲ್ಲಿ ಅದು ಹೆಸರಾಂತ ಬಂದರು. ಅಲ್ಲಿಂದ ಅಕ್ಕಿ ಗೋವೆಗೆ ಹೋಗುತ್ತಿತ್ತು, ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ವರೆಗೂ ಹೋಗುತ್ತಿತ್ತು. ಅಕ್ಕಿ ಇದ್ದಲ್ಲಿ ಹಸಿದ ಅರಸರ ಕಣ್ಣು ಬೀಳದೆ ಇರುವುದಿಲ್ಲ.

ಕೋಟೆ ಮತ್ತು ದೇವಾಲಯ

1569ರಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯ್ ಲೂಯಿಸ್ ದೆ ಅತಾಯ್ದ್ ಹಡಗುಪಡೆಯೊಂದಿಗೆ ಬಂದು ಈ ನದೀಮುಖವನ್ನು ಬಲದಿಂದ ವಶಪಡಿಸಿಕೊಂಡ. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. ಕುಂದಾಪುರದ ಜಪಸರ ಮಾತೆಯ ದೇವಾಲಯದ ಆರಂಭವನ್ನು ಧರ್ಮಕೇಂದ್ರದ ಪರಂಪರೆ 1570ಕ್ಕೆ ಒಯ್ಯುತ್ತದೆ. ಇಂದಿನ ಉಡುಪಿ ಧರ್ಮಪ್ರಾಂತ್ಯದಲ್ಲಿ ಅದೇ ಅತ್ಯಂತ ಹಳೆಯ ಧರ್ಮಕೇಂದ್ರ.

ಈ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಮೊದಲು ಫಿರಂಗಿ, ಹಿಂದೆಯೇ ಶಿಲುಬೆ. ‘ನಿಮ್ಮ ಧರ್ಮ ಪರಂಗಿಯವರ ಹಡಗಿನಲ್ಲಿ ಬಂದದ್ದು’ ಎಂದು ನೆರೆಯವರು ಅಂದಾಗ ನಮ್ಮ ಮಕ್ಕಳು ಏನು ಹೇಳಬೇಕು? ನಡೆದದ್ದನ್ನು ಮುಚ್ಚಿಡುವುದು ಸತ್ಯಕ್ಕೆ ಸಲ್ಲದು. ನಾಚಿಕೊಂಡು ತಲೆ ತಗ್ಗಿಸುವುದೂ ಉತ್ತರವಲ್ಲ. ಮುಂದೇನಾಯಿತು ಎಂದು ನೋಡುವುದೇ ಸರಿಯಾದ ದಾರಿ.

ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರ ನಡುವೆ ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಹೊರಗಟ್ಟಿದ. ಆಮೇಲೆ ಅವರು ಒಪ್ಪಂದ ಮಾಡಿಕೊಂಡು ವ್ಯಾಪಾರಿಗಳಾಗಿ ಬಂದರೇ ಹೊರತು ಮೊದಲಿನಂತೆ ಒಡೆಯರಾಗಲಿಲ್ಲ. 1665ರಲ್ಲಿ ಶಿವಾಜಿಯೂ ಸಮುದ್ರದ ಮೇಲೆ ಬಂದು ಬಸ್ರೂರನ್ನು ಸೂರೆ ಮಾಡಿ ಹೋದ. ಕೋಟೆಯ ನೆರಳು ತಪ್ಪಿದ ಮೇಲೆ ಕ್ರೈಸ್ತರು ಮಾಯವಾಗಬೇಕಿತ್ತಲ್ಲವೇ? ಆಗಲಿಲ್ಲ. ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು ಗದ್ದೆ ಉತ್ತು, ತೆಂಗು ನೆಟ್ಟು, ಕೆಳದಿಯ ಅರಸರಿಗೆ ಕಂದಾಯ ಕೊಟ್ಟು ಬಾಳಿದರು.

ಕತ್ತಿಯಿಲ್ಲದೆ ಬಂದ ಗುರು

1681ರಲ್ಲಿ ಗೋವೆಯಿಂದ ಮೂವತ್ತು ವರ್ಷದ ಒಬ್ಬ ಗುರು ಕೆನರಾಕ್ಕೆ ಬಂದರು. ಅವರೇ ಜೋಸೆಫ್ ವಾಜ್. ಆಗ ಕೆಳದಿಯಲ್ಲಿ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕೆನರಾದ ಧರ್ಮಸಭೆಯಲ್ಲಿ ಅಧಿಕಾರ ಯಾರದೆಂಬ ಜಗಳ: ಒಂದು ಕಡೆ ಪೋರ್ಚುಗಲ್ ಅರಸರ ಹಕ್ಕು, ಇನ್ನೊಂದು ಕಡೆ ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷರು. ಭಕ್ತಾದಿಗಳು ಎರಡು ಪಾಲಾಗಿದ್ದರು. ವಾಜ್ ಅವರು ಸಮಾಧಾನ ಮಾಡಿಸಲು ಶ್ರಮಿಸಿದರು. ಮಂಗಳೂರು, ಬಸ್ರೂರು, ಬಾರ್ಕೂರು, ಮುಲ್ಕಿ, ಕಲ್ಯಾಣಪುರಗಳಲ್ಲಿ ಶಾಲೆಗಳನ್ನೂ ಭಕ್ತಿಸಂಘಗಳನ್ನೂ ಕಟ್ಟಿದರು. 1684ರಲ್ಲಿ ಗೋವೆಗೆ ಮರಳಿ, 1687ರಲ್ಲಿ ಶ್ರೀಲಂಕೆಗೆ ಹೋಗಿ, ಅಲ್ಲಿ ಹಿಂಸೆಗೊಳಗಾಗಿದ್ದ ಭಕ್ತರ ನಡುವೆ ಭಿಕ್ಷುಕನಂತೆ ಅಲೆದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ತತ್ವಶಾಸ್ತ್ರದಲ್ಲಿ ನಿಮಿತ್ತ ಬೇರೆ, ಕಾರಣ ಬೇರೆ. ಗಾಳಿ ಬೀಜವನ್ನು ಹೊತ್ತು ತರುತ್ತದೆ. ಆದರೆ ಗಿಡ ಬೆಳೆಯುವುದು ಗಾಳಿಯಿಂದಲ್ಲ, ಬೀಜದೊಳಗಿನ ಜೀವದಿಂದ ಮತ್ತು ಮಣ್ಣಿನ ಕೃಪೆಯಿಂದ. ಪೋರ್ಚುಗೀಸರ ಹಡಗು ನಿಮಿತ್ತ ಮಾತ್ರ. ವಿಶ್ವಾಸ ಉಳಿದದ್ದು ಮನೆಮನೆಯ ಜಪಸರದಿಂದ, ವಾಜ್ ಅವರಂತಹವರ ಸೇವೆಯಿಂದ, ಮತ್ತು ಬಾಳಲು ಜಾಗ ಕೊಟ್ಟ ನೆರೆಹೊರೆಯಿಂದ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. 1799ರ ನಂತರ ಬದುಕುಳಿದವರು ಈ ಕರಾವಳಿಗೇ ಮರಳಿದರು. ಪರಂಗಿಯವರ ದೇಶ ಅವರಿಗೆ ಮನೆಯಾಗಿರಲಿಲ್ಲ, ಇದೇ ಮನೆಯಾಗಿತ್ತು.

ಹಳೆಯ ಮಾತು, ಹೊಸ ಬಾಯಿ

ಊರಿನ ಇನ್ನೊಂದು ಆಸ್ತಿ ಅದರ ನುಡಿ. ‘ಹ್ವಾಯ್’ ಎಂದು ಕರೆಯುವ ಕುಂದಾಪ್ರ ಕನ್ನಡದಲ್ಲಿ ಹೋಗುವುದು ‘ಹೋಪುದು’, ಬರುವುದು ‘ಬಪ್ಪುದು’. ಹಳಗನ್ನಡದ ರೂಪ ಇಲ್ಲಿ ಮೀನು ಮಾರುವವರ ಬಾಯಲ್ಲೂ ಜೀವಂತ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ಉಳಿಯಿತು. ಗಡಿಗಳು ಬದಲಾದರೂ ನುಡಿ ಬದಲಾಗಲಿಲ್ಲ. ಕವಿ ಗೋಪಾಲಕೃಷ್ಣ ಅಡಿಗರು ಇದೇ ಸೀಮೆಯ ಮೊಗೇರಿಯವರು. ಲೇಖಕಿ ವೈದೇಹಿ ಹುಟ್ಟಿದ್ದು ಕುಂದಾಪುರದಲ್ಲೇ. ಶಿವರಾಮ ಕಾರಂತರ ಕೋಟವೂ ಹತ್ತಿರದಲ್ಲೇ ಇದೆ.

ಏನೇನು ನೋಡಬಹುದು?

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರೈಲಿಗೆ ಈ ನದಿಗಳ ಹೆಸರೇ: ಪಂಚಗಂಗಾ ಎಕ್ಸ್‌ಪ್ರೆಸ್. ಕುಂದಾಪುರ ನಿಲ್ದಾಣ ಪೇಟೆಯಿಂದ ಸ್ವಲ್ಪ ಹೊರಗೆ, ಮೂಡ್ಲಕಟ್ಟೆಯಲ್ಲಿದೆ.

ಮೊದಲು ಜಪಸರ ಮಾತೆಯ ದೇವಾಲಯದಲ್ಲಿ ಸ್ವಲ್ಪ ಹೊತ್ತು ಮೌನವಾಗಿ ಕುಳಿತುಕೊಳ್ಳಿರಿ. ಬಳಿಕ ನದಿಯಾಚೆಯ ಗಂಗೊಳ್ಳಿಗೆ ಹೋಗಿ ಮೀನುಗಾರಿಕಾ ಬಂದರನ್ನೂ ಕೊಸೆಸಾಂವ್ ಮಾತೆಯ ದೇವಾಲಯವನ್ನೂ ನೋಡಿರಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ; ಮೀನು ಮರಿ ಮಾಡುವ ಕಾಲವದು. ಬಸ್ರೂರಿನಲ್ಲಿ ಹಳೆಯ ದೇವಸ್ಥಾನಗಳೂ ಶಾಸನಗಳೂ ಇವೆ. ಗತವೈಭವ ಎಂದರೇನೆಂದು ಮಕ್ಕಳಿಗೆ ಅಲ್ಲಿ ವಿವರಿಸಬೇಕಾಗಿಲ್ಲ. ನದಿಯ ನಡುಗಡ್ಡೆಗೆ ಇಲ್ಲಿ ಕುದ್ರು ಎನ್ನುತ್ತಾರೆ. ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದೆ. ಉತ್ತರಕ್ಕೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಅಲೆಗಳ ಸೆಳೆತ ಜೋರು. ಮಕ್ಕಳನ್ನು ನೀರಿಗೆ ಬಿಡಬೇಡಿರಿ. ಸಂಜೆ ಕೋಡಿಯ ಕಡಲತೀರ, ರಾತ್ರಿ ನೀರ್‌ದೋಸೆ, ಕೋಳಿ ಸಾರು.

ಪೋರ್ಚುಗೀಸರ ಕೋಟೆಯನ್ನು ಮಾತ್ರ ಹುಡುಕಿಕೊಂಡು ಹೋಗಬೇಡಿರಿ. ಹೆದರಿಸಿ ನಿಲ್ಲಿಸಿದ್ದು ನಿಲ್ಲಲಿಲ್ಲ. ಪ್ರೀತಿಯಿಂದ ನೆಟ್ಟದ್ದು ಬೇರು ಬಿಟ್ಟಿತು. ನಗರದಲ್ಲಿ ಬಾಳುವ ನಮಗೂ ಸಂಖ್ಯೆ, ಆಸ್ತಿ, ಪ್ರಭಾವಗಳೇ ಕೋಟೆಯಾಗುವ ಆಮಿಷವಿದೆ. ಪಕ್ಕದ ಮನೆಯವರೊಂದಿಗಿನ ಸ್ನೇಹ ಅದಕ್ಕಿಂತ ಗಟ್ಟಿಯಾದ ಗೋಡೆ ಎಂಬುದನ್ನು ಕುಂದಾಪುರ ನಾಲ್ಕೂವರೆ ಶತಮಾನಗಳಿಂದ ಹೇಳುತ್ತಿದೆ.

ಮನೆಯಲ್ಲಿ ಕೂಡಿ ಮಾತನಾಡಲು

1. ನಮ್ಮ ಹಿರಿಯರು ಯಾವ ಊರಿನಿಂದ ಬೆಂಗಳೂರಿಗೆ ಬಂದರು? ಆ ಊರಿನ ಒಂದು ಮಾತು, ಒಂದು ಅಡುಗೆ ನಮ್ಮ ಮನೆಯಲ್ಲಿ ಉಳಿದಿದೆಯೇ?
2. ನಮಗೆ ಜಾಗ ಕೊಟ್ಟ ನೆರೆಯವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆಯೇ?
3. ನಮ್ಮ ಧರ್ಮದ ಇತಿಹಾಸದ ಬಗ್ಗೆ ಮಕ್ಕಳು ಕಷ್ಟದ ಪ್ರಶ್ನೆ ಕೇಳಿದಾಗ ಗದರಿಸುತ್ತೇವೆಯೋ, ಕುಳಿತು ಉತ್ತರಿಸುತ್ತೇವೆಯೋ?